ಚಿಕ್ಕಪ್ಪ ಕಲಿಸಿಕೊಟ್ಟ ನಡಿಗೆ

ನಮ್ಮ ಚಿಕ್ಕಪ್ಪ ಮೂವತ್ತೊಂದು ವರ್ಷ ಒಂದೇ ಕಚೇರಿಯಲ್ಲಿ ಜವಾನರಾಗಿದ್ದವರು. ಸಾಹೇಬರ ಕೋಣೆಯ ಹೊರಗೆ ಒಂದು ಸ್ಟೂಲು, ತಲೆಯ ಮೇಲೆ ಕರೆಗಂಟೆ, ಕಂಕುಳಲ್ಲಿ ಫೈಲು. ಸಾಹೇಬರು ರಜೆಯಲ್ಲಿದ್ದರೂ ಬಾಗಿಲು ತಟ್ಟಿಯೇ ಒಳಗೆ ಹೋಗೋರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಅವರೇ. ಅಂಥವರಿಗೆ ನಾನು ಏನು ಮಾಡಿದೆ ಅಂತ ಹೇಳೋಕೂ ನಾಚಿಕೆ. ಆದರೂ ಹೇಳ್ತೀನಿ, ಒಳಗಿಟ್ಟುಕೊಂಡು ಸಾಕಾಗಿದೆ.

ನಾನು ಸಿನಿಮಾಗೆ ಚಿತ್ರಕಥೆ ಬರೆಯೋಳು. ಹೋದ ವರ್ಷ ಒಂದು ವಿಡಂಬನೆಯ ಕಾದಂಬರಿ ಕೈಗೆ ಬಂತು. ಒಂದು ಕಚೇರಿ, ಅಲ್ಲಿ ಕೆಲಸ ಒಂದು ಬಿಟ್ಟು ಮಿಕ್ಕೆಲ್ಲ ಮಾಡುವ ಸಾಹೇಬರು, ಅವರನ್ನು ನೋಡುತ್ತಾ ಕೂತ ಒಬ್ಬ ಜವಾನ. ಅವನು ಬಾಯಲ್ಲಿ ‘ಹೌದು ಸಾರ್’ ಅಂತಾನೆ, ಮನಸ್ಸಿನಲ್ಲಿ ಅವರ ಜನ್ಮ ಜಾಲಾಡ್ತಾನೆ. ಪುಸ್ತಕದ ಮಜವೆಲ್ಲ ಆ ಮನಸ್ಸಿನ ಮಾತಲ್ಲೇ ಇತ್ತು. ಚಿಕ್ಕಪ್ಪ ಎರಡು ಸಲ ಓದಿ, “ಈ ಪುಣ್ಯಾತ್ಮ ನನ್ನ ಸ್ಟೂಲಿನ ಮೇಲೆ ಕೂತೇ ಬರೆದಿದ್ದಾನೆ ಕಣೇ,” ಅಂದರು.

ನಿರ್ಮಾಪಕರು ಮಾತ್ರ, “ಹಿನ್ನೆಲೆಯಲ್ಲಿ ದನಿ ಬಂದರೆ ಜನ ಎದ್ದು ಹೋಗ್ತಾರಮ್ಮ, ಅದೊಂದು ಬೇಡ,” ಅಂದರು. ನಾನೂ ಕೋಲೆಬಸವನ ಹಾಗೆ ತಲೆಯಾಡಿಸಿ ಮನಸ್ಸಿನ ಮಾತನ್ನು ಪೂರ್ತಿ ಕಿತ್ತುಹಾಕಿದೆ. ಈಗ ನಗು ಎಲ್ಲಿಂದ ತರೋದು? ಮನೆಯಲ್ಲೇ ಇತ್ತಲ್ಲ. ಚಿಕ್ಕಪ್ಪನ ಬಗ್ಗಿದ ನಡಿಗೆ, ಖಾಲಿ ಕೋಣೆಯ ಬಾಗಿಲು ತಟ್ಟೋದು, ಕುರ್ಚಿಯ ತುದಿಯಲ್ಲಿ ಕೂರೋದು, ಒಂದೂ ಬಿಡದೆ ಬರೆದೆ. ಸಾಲದ್ದಕ್ಕೆ ನಟನಿಗೆ ಕಲಿಸೋಕೆ ಅವರನ್ನೇ ಕರೆದುಕೊಂಡು ಹೋದೆ. ನಾಲ್ಕು ದಿನ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದರು. “ಸೊಂಟ ಅಲ್ಲಪ್ಪಾ, ಕತ್ತು ಮೊದಲು ಬಗ್ಗಬೇಕು,” ಅಂತ ಶ್ರದ್ಧೆಯಿಂದ ಹೇಳಿಕೊಟ್ಟರು.

ಬಿಡುಗಡೆಗೆ ಮುಂಚೆ ನಮ್ಮವರಿಗೆಲ್ಲ ಒಂದು ಪ್ರದರ್ಶನ ಇಟ್ಟಿದ್ದರು. ಚಿಕ್ಕಪ್ಪ ನನ್ನ ಪಕ್ಕದಲ್ಲೇ. ಪರದೆಯ ಮೇಲೆ ಜವಾನ ಕತ್ತು ಬಗ್ಗಿಸಿಕೊಂಡು ಬಂದ, ಜನ ಗೊಳ್ಳೆಂದರು. ಖಾಲಿ ಕೋಣೆಯ ಬಾಗಿಲು ತಟ್ಟಿದ, ಹಿಂದಿನ ಸಾಲಿನವನು ಸೀಟು ಗುದ್ದಿ ಗುದ್ದಿ ನಕ್ಕ. ಸಾಹೇಬರನ್ನು ನೋಡಿ ಒಬ್ಬರೂ ನಗಲಿಲ್ಲ. ಚಿಕ್ಕಪ್ಪ ಮೊದಲು ಎಲ್ಲರ ಜೊತೆ ನಕ್ಕರು, ಆಮೇಲೆ ನಿಲ್ಲಿಸಿದರು. ಸೀಟಿನ ತುದಿಯಲ್ಲಿ ಕೂತಿದ್ದ ಅವರು ಮೆಲ್ಲಗೆ ಹಿಂದೆ ಸರಿದು ಒರಗಿ ಕೂರೋಕೆ ನೋಡಿದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ನಿರ್ದೇಶಕ ಬೆನ್ನು ತಟ್ಟಿ, “ಗೆದ್ವಿ,” ಅಂದ. ನಾನು, ನಾಚಿಕೆಗೆಟ್ಟೋಳು, ಥ್ಯಾಂಕ್ಸ್ ಅಂದೆ.

ಬಸ್ ಸ್ಟಾಪಿನಲ್ಲಿ ಚಿಕ್ಕಪ್ಪ ಕೇಳಿದರು. “ಪುಸ್ತಕದಲ್ಲಿ ಅವನೇ ಎಲ್ಲರನ್ನೂ ನೋಡಿ ನಗ್ತಿದ್ದನಲ್ಲಮ್ಮ. ಇಲ್ಲಿ ಯಾಕೆ ಅವನ ಬಾಯಿ ಕಟ್ಟಿಹಾಕಿದೆ?”

“ಸಿನಿಮಾದಲ್ಲಿ ಮನಸ್ಸಿನ ಮಾತು ಕೇಳಿಸೋದು ಕಷ್ಟ, ಚಿಕ್ಕಪ್ಪ.”

“ನಾನು ದಿನಾ ಸಂಜೆ ಮನೆಗೆ ಬಂದು ಸಾಹೇಬರ ನಕಲು ಮಾಡಿ ತೋರಿಸ್ತಿದ್ದೆ. ನೀನು ಬಿದ್ದು ಬಿದ್ದು ನಗ್ತಿದ್ದೆ. ಅದನ್ನ ಹಾಕಬಹುದಿತ್ತಲ್ವಾ?”

ಹಾಕಬಹುದಿತ್ತು. ಎರಡು ದೃಶ್ಯ ಸಾಕಿತ್ತು, ನಿರ್ಮಾಪಕರೂ ಬೇಡ ಅಂತಿರಲಿಲ್ಲ. ಚಿಕ್ಕಪ್ಪನ ಬಗ್ಗಿದ ಕತ್ತು ನನಗೆ ನೆನಪಿತ್ತು, ಆ ನಕಲು ನೆನಪೇ ಇರಲಿಲ್ಲ. ಹಾಗಂತ ಮುಖ ನೋಡಿ ಹೇಳೋ ಧೈರ್ಯ ಬರದೆ, “ನೀವು ಮೊದಲೇ ಹೇಳಬೇಕಿತ್ತು,” ಅಂದುಬಿಟ್ಟೆ. ತಪ್ಪನ್ನೂ ಅವರ ತಲೆಗೇ ಕಟ್ಟಿದೆ.

“ತಪ್ಪಾಯ್ತು, ಹೇಳಬೇಕಿತ್ತು,” ಅಂದರು ಚಿಕ್ಕಪ್ಪ, ಸಾಹೇಬರ ಹತ್ತಿರ ಮಾತಾಡೋ ದನಿಯಲ್ಲಿ.