ಸಿದ್ದಾರೂಢನ ನಾಲ್ಕಂಕಿ ಬೀಗ

ಬೆಂಗಳೂರಿನಲ್ಲಿ ಒಂದು ಸೈಕಲ್ ಮಾಯವಾಗಲು ಎಷ್ಟು ಹೊತ್ತು ಬೇಕೆಂದು ಸಿದ್ದಾರೂಢನನ್ನು ಕೇಳಿದರೆ ಕರಾರುವಾಕ್ಕಾಗಿ ಹೇಳಬಲ್ಲ: ಒಬ್ಬ ಅಜ್ಜನ ತೋಳಿನಲ್ಲಿ ನರ ಹುಡುಕಿ ಒಂದು ಟ್ಯೂಬ್ ರಕ್ತ ತೆಗೆಯುವಷ್ಟು. ಗದಗಿನ ಕಡೆಯ ಸಿದ್ದಾರೂಢ ಒಂದು ಲ್ಯಾಬಿನ ಪರವಾಗಿ ಬೆಳಗಾದರೆ ಜಯನಗರದ ಮನೆಮನೆಗೆ ಹೋಗಿ ರಕ್ತ ತೆಗೆಯುತ್ತಾನೆ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಅವನ ದಾರಿ ಕಾಯುತ್ತಾರೆ. ಇಷ್ಟು ಕಾತರದಿಂದ ಅವನಿಗಾಗಿ ಬೇರೆ ಯಾರೂ ಕಾದದ್ದಿಲ್ಲ. ಆವತ್ತು "ಐದು ನಿಮಿಷ ತಾನೆ" ಎಂದು ಬೀಗ ಹಾಕದೆ ಗೇಟಿನೊಳಗೆ ನಿಲ್ಲಿಸಿದ್ದ ಸೈಕಲ್, ಕೆಳಗಿಳಿದು ಬರುವಷ್ಟರಲ್ಲಿ ಇರಲಿಲ್ಲ.

ಈಗ ತುಳಿಯುತ್ತಿರುವುದು ರೂಮ್‌ಮೇಟ್ ಹನಮಂತನ ಸೈಕಲ್. ಕೊಡುವಾಗಲೇ ಹನಮಂತ ಹೇಳಿದ್ದ: "ಇದೂ ಹೋತಂದ್ರ ನೀ ಬ್ಯಾರೆ ರೂಮ್ ನೋಡ್ಕೊ." ಲ್ಯಾಬಿನ ಚೈತ್ರ ಮೇಡಂ ಕೆಲಸದ ಬಗ್ಗೆ ಹೇಳಿದ್ದೂ ಅದೇ, ಇಂಗ್ಲಿಷಿನಲ್ಲಿ.

ಬನಶಂಕರಿಯ ಸೈಕಲ್ ಅಂಗಡಿಯ ಪಿಳ್ಳಪ್ಪ ಮೂರು ಬೀಗ ಮುಂದಿಟ್ಟರು. ಹಿಂದಿನ ಚಕ್ರಕ್ಕೆ ಕೂರಿಸುವ ರಿಂಗ್ ಲಾಕ್, ನಾಲ್ಕಂಕಿಯ ನಂಬರಿನ ಕೇಬಲ್, ಕುದುರೆ ಲಾಳದಂಥ ದಪ್ಪ ಕಬ್ಬಿಣದ್ದೊಂದು.

"ಯಾವುದು ಗಟ್ಟಿ ಐತ್ರಿ?"

"ಲಾಳದ್ದೇ ಸಾರ್. ದಿನಕ್ಕೆ ಎಷ್ಟು ಕಡೆ ನಿಲ್ಲಿಸ್ತೀರಾ?"

"ಹನ್ನೆರಡು ಮನಿ."

"ಹಂಗಾದ್ರೆ ಬೇಡ. ಮೂರನೇ ದಿನಕ್ಕೆ ಭಾರ ಅಂತ ಬ್ಯಾಗಲ್ಲೇ ಇರುತ್ತೆ. ರಿಂಗ್ ಲಾಕ್ ಹಾಕ್ಸಿ, ಜೊತೆಗೆ ಕೇಬಲ್ಲಲ್ಲಿ ಗ್ರಿಲ್‌ಗೆ ಕಟ್ಟಿ. ಸುಮ್ನೆ ಹೋಗೋನು ಕೈ ಹಾಕಲ್ಲ."

ಸಿದ್ದಾರೂಢ ಜಾಣನಲ್ಲವೇ? ಎರಡೆರಡು ಯಾಕೆಂದು ಕೇಬಲ್ ಒಂದನ್ನೇ ತಂದ. ಅದರ ಮೇಲೂ ಜಾಣತನ ತೋರಿಸಿ, ಯಾರಾದರೂ ಕದ್ದು ನೋಡಿರಬಹುದೆಂದು ದಿನಾ ಬೆಳಿಗ್ಗೆ ನಂಬರ್ ಬದಲಿಸತೊಡಗಿದ.

ಸೋಮವಾರ ಮೂರನೇ ಮನೆ ಮುಗಿಸಿ ಬಂದರೆ ಬೀಗ ತೆರೆಯಲೊಲ್ಲದು. ಎರಡನೇ ಮನೆ ಮುಗಿಸಿ ಚಹಾ ಕುಡಿಯುತ್ತ ನಂಬರ್ ಬದಲಿಸುವಾಗ ಯಾವುದೋ ಅಂಕಿ ಹೊರಳಿಬಿಟ್ಟಿತ್ತು. ನಿನ್ನೆಯದು, ಮೊನ್ನೆಯದು, ಹುಟ್ಟಿದ ಇಸವಿ, ಯಾವುದಕ್ಕೂ ಜಗ್ಗಲಿಲ್ಲ. ಐಸ್ ಡಬ್ಬಿಯಲ್ಲಿ ಮೂರು ಮನೆಯ ರಕ್ತ. ಮುಂದಿನ ಮನೆಯ ಸೀತಮ್ಮನವರ ಫೋನ್ ಬೇರೆ: "ಎಲ್ಲಿದೀಯಪ್ಪಾ? ಕಾಫಿ ಇಲ್ದೆ ತಲೆ ಸಿಡೀತಿದೆ."

ಎದುರು ಮನೆಯಲ್ಲಿ ವೈರಿಂಗ್ ಮಾಡುತ್ತಿದ್ದವನು ಕೇಳಿದ ಕೂಡಲೇ ಕಟಿಂಗ್ ಪ್ಲೇಯರ್ ಕೊಟ್ಟ. ಸಿದ್ದಾರೂಢ ಅದರ ಬಾಯಿಗೆ ಕೇಬಲ್ ಸಿಕ್ಕಿಸಿದ್ದೇ, ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ನಿಂತರು. ಸೈಕಲ್ ಯಾರದೆಂದು ಕೇಳಿದರೆ ಏನು ಹೇಳುವುದು? ನಿಜ ಹೇಳಿದರೆ, ತನ್ನದಲ್ಲ.

"ಹಾಗಲ್ಲ ಕಣಯ್ಯಾ," ಎಂದರು ಅವರು. "ಒಂದೊಂದೇ ಎಳೆ ಕಟ್ ಮಾಡು. ತಾಳು, ನಾನು ಬಿಗಿಯಾಗಿ ಹಿಡ್ಕೋತೀನಿ."

ಹಿಡಿದೂ ಹಿಡಿದರು. ಹಾಲಿನ ಪ್ಯಾಕೆಟ್ ಹಂಚುವ ಹೆಂಗಸು ಇಬ್ಬರನ್ನೂ ಬಳಸಿಕೊಂಡು ಮುಂದೆ ಹೋದಳು. ಎರಡು ನಿಮಿಷಕ್ಕೆ ಕೇಬಲ್ ತುಂಡಾಯಿತು.

ಸಿದ್ದಾರೂಢನಿಗೆ ತಡೆಯಲಾಗಲಿಲ್ಲ. "ಅಂಕಲ್, ಸೈಕಲ್ ಯಾರದು ಅಂತ ನೀವು ಕೇಳಲೇ ಇಲ್ಲಲ್ರಿ?"

"ಕಳ್ಳ ಇಷ್ಟು ಬೆವರ್ತಾನೇನಯ್ಯಾ?" ನಗುತ್ತ ಕೈ ಒರೆಸಿಕೊಂಡು ಅವರು ಹೊರಟೇಹೋದರು.

ಸಹಾಯ ಮಾಡಿದವರ ಮೇಲೆ ಸಿಟ್ಟಾಗುವುದು ಹೇಗೆ? ಆದರೆ ಮೊದಲ ಸೈಕಲ್ ಕದ್ದವನಿಗೂ ಇಂಥವರೇ ಯಾರೋ ಗೇಟು ತೆಗೆದು ಹಿಡಿದಿದ್ದರೇನೋ.

ಸೀತಮ್ಮನವರ ಮನೆ ಎರಡನೇ ಮಹಡಿ. ಸೈಕಲ್ ಹೆಗಲಿಗೇರಿಸಿ, ಡಬ್ಬಿ ಇನ್ನೊಂದು ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತವನನ್ನು ನೋಡಿ ಅವರು ಬಾಯಿಮೇಲೆ ಕೈಯಿಟ್ಟರು.

"ಇದಕ್ಕೂ ಶುಗರ್ ಟೆಸ್ಟಾ?"

"ಬೀಗ ಇಲ್ರಿ ಅಮ್ಮಾ. ಕೆಳಗ ಬಿಡಾಕ ಧೈರ್ಯ ಆಗ್ಲಿಲ್ಲ."

"ಅಯ್ಯೋ, ಕೆಳಗೆ ಯಾವಾಗ್ಲೂ ಯಾರಾದ್ರೂ ಇದ್ದೇ ಇರ್ತಾರಲ್ಲೋ."

"ಅದಕ್ಕ ರೀ."

ಸೈಕಲ್ಲನ್ನು ಬಾಗಿಲ ಬಳಿ ಒರಗಿಸಿ ಸೂಜಿ ತೆಗೆದ. ನರ ಎರಡನೇ ಸಲಕ್ಕೆ ಸಿಕ್ಕಿತು. ಪಟ್ಟಿಯಲ್ಲಿ ಇನ್ನೂ ಎಂಟು ಮನೆಗಳಿದ್ದವು. ಲಿಫ್ಟ್ ಇದ್ದದ್ದು ಎರಡರಲ್ಲಿ ಮಾತ್ರ.