ರಬ್ಬರಕ್ಕನ ಕುರ್ಚಿ

ಹೆತ್ತವರು ಇಟ್ಟ ಹೆಸರು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾಲೀಕರಿಂದ ಹಿಡಿದು ದೋಣಿ ನಡೆಸುವವರವರೆಗೆ ಎಲ್ಲರಿಗೂ ಅವಳು ರಬ್ಬರಕ್ಕ. ಹನ್ನೆರಡು ವರ್ಷದಿಂದ ಅದೇ ಹೆಸರು, ಕಿಟಕಿ ಪಕ್ಕದ ಅದೇ ಕುರ್ಚಿ.

ಜೆಟ್ಟಿಯ ಎದುರಿನ ಆ ಅಂಗಡಿ ನೀರೊಳಗೆ ಫೋಟೊ ತೆಗೆಯುವ ಸಾಮಾನನ್ನು ಬಾಡಿಗೆಗೆ ಕೊಡುತ್ತಿತ್ತು. ಬಾಯಿಗೆ ಕೊಳವೆ ಕಚ್ಚಿಕೊಂಡು ಮೇಲೆ ತೇಲುವವರಿಗೂ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವವರಿಗೂ ಮೀನಿನ ಫೋಟೊ ಬೇಕು. ಕ್ಯಾಮೆರಾ ಮಾತ್ರ ಒಂದು ಹನಿ ನೀರನ್ನೂ ತಾಳದು. ಅದನ್ನು ದಪ್ಪ ಪ್ಲಾಸ್ಟಿಕ್ಕಿನ ಪಾರದರ್ಶಕ ಪೆಟ್ಟಿಗೆಯೊಳಗೆ ಕೂರಿಸಬೇಕು. ಪೆಟ್ಟಿಗೆಯ ಎರಡು ಹೋಳು ಕೂಡುವಲ್ಲಿ ಬಳೆಗಿಂತ ತೆಳ್ಳಗಿನ ಕಪ್ಪು ರಬ್ಬರಿನ ರಿಂಗು. ಇಡೀ ಸಮುದ್ರವನ್ನು ಹೊರಗೆ ನಿಲ್ಲಿಸುವುದು ಅದೊಂದೇ. ಅದರ ಮೇಲೆ ಒಂದು ಕೂದಲೋ ಮರಳಿನ ಕಣವೋ ಉಳಿದರೆ ಕ್ಯಾಮೆರಾದ ಕತೆ ಮುಗಿದಂತೆ.

ರಿಂಗನ್ನು ಬಿಡಿಸಿ, ಒರೆಸಿ, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಇಡೀ ಸುತ್ತು ಹಾಯಿಸಿ, ಸಾಸಿವೆಯಷ್ಟು ಗ್ರೀಸು ಸವರಿ ಕೂರಿಸಿ ಮುಚ್ಚುವುದು ರಬ್ಬರಕ್ಕನ ಕೆಲಸ. ಕಣ್ಣಿಗೆ ಕಾಣದ್ದನ್ನು ಬೆರಳು ಹೇಳಬೇಕು. ಕಸ ಗುಡಿಸಲು ಸೇರಿದವಳು, ಒಂದು ದಿನ ಯಾರಿಗೂ ಸಿಗದ ರೆಪ್ಪೆಕೂದಲನ್ನು ಹಿಡಿದುಕೊಟ್ಟು ಆ ಕುರ್ಚಿ ಏರಿದ್ದಳು. ಸಮುದ್ರಕ್ಕೆ ಇಳಿದವಳಲ್ಲ. ಆದರೆ ಗಿರಾಕಿಗಳು ಮರಳಿ ಬಂದು ಹಳದಿ ಪಟ್ಟೆಯ ಮೀನು ತೋರಿಸಿದರೆ, ತಾನೇ ಸಾಕಿದ ಮೀನೇನೋ ಎಂಬಂತೆ ನೋಡುತ್ತಿದ್ದಳು.

ನಾದಿನಿಯನ್ನು ಅಂಗಡಿಗೆ ಕರೆತಂದವಳೂ ಅವಳೇ. "ಮನೇಲಿ ಸುಮ್ನೆ ಕೂತಿದಾಳೆ, ಏನಾದ್ರೂ ಕೆಲಸ ಕೊಡಿ" ಎಂದು ಮಾಲೀಕರಲ್ಲಿ ಬೇಡಿಕೊಂಡಿದ್ದಳು. ಸಮುದ್ರದಿಂದ ಬಂದ ಪೆಟ್ಟಿಗೆಗಳನ್ನು ಸಿಹಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಂದೊಂದೇ ಗುಂಡಿ ಒತ್ತಿ ಒತ್ತಿ ಉಪ್ಪು ಬಿಡಿಸುವ ಕೆಲಸಕ್ಕೆ ನಾದಿನಿ ಸೇರಿ ನಾಲ್ಕು ತಿಂಗಳಾಗಿತ್ತು. ಹೋದ ವಾರ ಅವಳು ರಬ್ಬರಕ್ಕ ನೋಡಿಟ್ಟ ರಿಂಗೊಂದನ್ನು ಸುಮ್ಮನೆ ಕೈಗೆತ್ತಿಕೊಂಡು, "ಅತ್ತಿಗೆ, ಇಲ್ಲೊಂದು ಕೂದಲಿದೆ" ಎಂದಳು. ಇತ್ತು. ಎರಡು ದಿನ ಬಿಟ್ಟು ಇನ್ನೊಂದು.

ಮಾಲೀಕರು ತಲೆ ಕೆರೆದುಕೊಂಡರು. "ಮುಂದಿನ ವಾರ ಹದಿನೆಂಟು ಜನರ ಗುಂಪು ಬರ್ತಿದೆ ರಬ್ಬರಕ್ಕ. ಈ ಸಲ ಹುಡುಗಿ ಕೂರಲಿ. ನೀವು ತೊಟ್ಟಿ ನೋಡ್ಕೊಳ್ಳಿ."

ರಬ್ಬರಕ್ಕನಿಗೆ ಉರಿಯಿತು. ನಾಲ್ಕು ತಿಂಗಳ ಹುಡುಗಿ! ನಾದಿನಿಯ ನೇರ ಬೆನ್ನು, ಅವಳ ನಗು, "ಹೌದಾ ಸಾರ್" ಎನ್ನುವ ರಾಗ, ಎಲ್ಲವೂ ಚುಚ್ಚಿದವು.

"ಪರೀಕ್ಷೆ ಇಡಿ ಸಾರ್. ಇಬ್ಬರಿಗೂ. ಆಮೇಲೆ ಯಾರು ಎಲ್ಲಿ ಕೂರೋದು ಅಂತ ಹೇಳಿ" ಎಂದಳು. ಎಲ್ಲರೆದುರು ಹುಡುಗಿಯ ಮುಖ ಸಣ್ಣಗಾಗುವುದನ್ನು ನೋಡುವ ಆಸೆ.

ಮಾಲೀಕರು ಎಂಟು ರಿಂಗುಗಳನ್ನು ತಟ್ಟೆಯಲ್ಲಿಟ್ಟರು. ಐದಕ್ಕೆ ಒಂದೊಂದು ಕೂದಲು ಅಂಟಿಸಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರಬ್ಬರಕ್ಕ ಒಂದೊಂದನ್ನೇ ಹಾಯಿಸಿದಳು. ಎರಡು ಸಿಕ್ಕವು. ನಾದಿನಿಗೆ ಐದೂ ಸಿಕ್ಕವು, ಅದೂ ಮಾತಾಡುತ್ತಾ ಮಾತಾಡುತ್ತಾ. ಮಾಲೀಕರು ಗ್ರೀಸಿನ ಟ್ಯೂಬನ್ನು ಎತ್ತಿ ನಾದಿನಿಯ ಮುಂದಿಟ್ಟರು.

"ನಿನ್ನ ಕೈ ಕೊಡು ಇಲ್ಲಿ" ಎಂದು ರಬ್ಬರಕ್ಕ ಅವಳ ಬೆರಳು ಹಿಡಿದಳು. ಆಗತಾನೆ ಸುಲಿದ ಬಾದಾಮಿಯಂತೆ ಬೆಳ್ಳಗೆ, ನುಣ್ಣಗೆ. ತನ್ನವನ್ನು ನೋಡಿಕೊಂಡಳು. ತುದಿಯೆಲ್ಲ ಬಿರುಕು, ಬಿರುಕಿನಲ್ಲಿ ಬೂದುಬಣ್ಣದ ಗೆರೆ. ವರ್ಷದಿಂದ ಅಂಗಡಿಯ ಹಾಜರಿ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. "ಮೆಷಿನ್ನಿಗೂ ನನ್ನ ಮೇಲೆ ಮುನಿಸು" ಎಂದು ನಗುತ್ತಾ ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಿದ್ದಳು. ನಗಬಾರದಿತ್ತು. ಬೆರಳು ಅಷ್ಟರಲ್ಲೇ ಸತ್ತಿತ್ತು. ಮನೆಯ ಮೂರು ಹೊತ್ತಿನ ಪಾತ್ರೆ, ಮೂವರ ಬಟ್ಟೆ, ನೆಲ, ಬಚ್ಚಲು, ಎಲ್ಲವನ್ನೂ ಸೋಪಿನ ನೀರಿನಲ್ಲಿ ತಿಕ್ಕಿ ತಿಕ್ಕಿ ಚರ್ಮವೆಲ್ಲ ಚಕ್ಕಳವಾಗಿತ್ತು. ನಾದಿನಿಯ ಬೆರಳು ಹೀಗೆ ಉಳಿದದ್ದೂ ತನ್ನ ಕೈ ಸವೆದದ್ದರಿಂದಲೇ. "ಓದೋ ಹುಡುಗಿ, ಅವಳಿಗೆ ಪಾತ್ರೆ ಗೀತ್ರೆ ಹಚ್ಬೇಡ" ಎಂದು ಗಂಡ ಮದುವೆಯಾದ ಹೊಸತರಲ್ಲೇ ಹೇಳಿದ್ದ. ಓದು ಮುಗಿದು ಎರಡು ವರ್ಷವಾಗಿತ್ತು. ಆ ಮಾತು ಮಾತ್ರ ಮುಗಿದಿರಲಿಲ್ಲ.

ಅಂದು ಸಂಜೆ ಮನೆಗೆ ಬಂದವಳು ಅಂಗಡಿಯಿಂದ ತಂದ ಮುಲಾಮನ್ನು ಹತ್ತೂ ಬೆರಳಿಗೆ ಬಳಿದು, ಹತ್ತಿಯ ಕೈಗವಸು ತೊಟ್ಟು, ನಡುಮನೆಯಲ್ಲಿ ಕಾಲು ಚಾಚಿ ಕೂತಳು. ಸಿಂಕಿನಲ್ಲಿ ಪಾತ್ರೆ ಗುಡ್ಡೆ ಬಿದ್ದಿತ್ತು.

ಗಂಡ ಜೆಟ್ಟಿಯಲ್ಲಿ ಟಿಕೆಟ್ ಹರಿದುಕೊಡುವ ಕೆಲಸದವನು. ಅಡುಗೆಮನೆಗೆ ಇಣುಕಿ ಬಂದು, "ಏನೇ, ಪಾತ್ರೆ ಹಾಗೇ ಇದೆ?" ಎಂದ.

"ಎಲ್ಲಿಗೆ ಹೋಗುತ್ತೆ? ಇದೆ."

"ಹುಷಾರಿಲ್ವಾ?"

"ಬೆರಳಿಗೆ ಹುಷಾರಿಲ್ಲ."

ನಾದಿನಿ ಅಣ್ಣನ ಮುಖ ನೋಡಿದಳು, ಅತ್ತಿಗೆಯ ಕೈಗವಸು ನೋಡಿದಳು. ಎದ್ದು ಹೋಗಿ ಸ್ಕ್ರಬ್ಬರ್ ಕೈಗೆತ್ತಿಕೊಂಡಳು. ರಬ್ಬರಕ್ಕನ ಎದೆ ತಂಪಾಯಿತು. ತಿಕ್ಕು ತಾಯಿ, ಚೆನ್ನಾಗಿ ತಿಕ್ಕು. ಆರು ತಿಂಗಳು ತಿಕ್ಕು, ಆಮೇಲೆ ಕೂದಲು ಹುಡುಕು ನೋಡೋಣ. ತಳ ಹಿಡಿದ ಪಾತ್ರೆಯ ಮೇಲೆ ಕರಕರ ಸದ್ದು ಬಂದಾಗ ಅವಳ ಬಾಯಲ್ಲಿ ನಿಜವಾಗಿಯೂ ಸಿಹಿ ಊರಿತು.

ಆ ಸಿಹಿ ಹೆಚ್ಚು ಹೊತ್ತು ಉಳಿಯಲಿಲ್ಲ. ಹುಡುಗಿಯ ಬೆರಳು ಚಕ್ಕಳವಾದರೆ ಮಾಲೀಕರು ಮೂರನೆಯವಳನ್ನು ತರುತ್ತಾರೆ, ಅಷ್ಟೇ. ಅಲ್ಲದೆ ಬೆರಳು ಸತ್ತವಳನ್ನು ಸೋಲಿಸುವುದೂ ಒಂದು ಗೆಲುವೇ? ಇವಳನ್ನು ಸೋಲಿಸಬೇಕು, ಐದಕ್ಕೆ ಐದು ಹಿಡಿಯುವ ಈ ಬೆರಳನ್ನೇ ಸೋಲಿಸಬೇಕು.

ಅವಳು ಎದ್ದು ಹೋಗಿ ನಾದಿನಿಯ ಕೈಯಿಂದ ಸ್ಕ್ರಬ್ಬರ್ ಕಿತ್ತುಕೊಂಡಳು. "ಬಿಡು. ಕೈ ತೊಳ್ಕೋ. ಮುಲಾಮು ಹಚ್ಕೋ."

"ಯಾಕತ್ತಿಗೆ? ನಾನು ಮಾಡ್ತೀನಿ..."

"ಹೇಳಿದಷ್ಟು ಮಾಡು. ಮೂರು ತಿಂಗಳಾದ ಮೇಲೆ ಇನ್ನೊಂದು ಪರೀಕ್ಷೆ ಇದೆ ನಮಗೆ. ಆಗ ನೆಪ ಹೇಳ್ಬೇಡ."

ನೊರೆ ಸೋರುವ ಸ್ಕ್ರಬ್ಬರನ್ನು ಗಂಡನ ಕೈಗಿಟ್ಟಳು. "ರೀ, ಈ ಮನೇಲಿ ಎರಡು ಜೊತೆ ಕೈಗೆ ಚುರುಕು ಬೇಕು. ಟಿಕೆಟ್ ಹರಿಯೋಕೆ ಬೆರಳು ಎಷ್ಟು ದಪ್ಪ ಇದ್ರೂ ನಡೆಯುತ್ತೆ."

ಅವನು ಸ್ಕ್ರಬ್ಬರನ್ನು ಸತ್ತ ಇಲಿಯಂತೆ ತುದಿಯಲ್ಲಿ ಹಿಡಿದುಕೊಂಡ. "ಎಷ್ಟು ದಿನ ಇದು?"

"ನನ್ನ ಬೆರಳು ವಾಪಸ್ ಬರೋವರೆಗೆ."

"ಆಮೇಲೆ?"

"ಆಮೇಲೆ ಅದು ಮತ್ತೆ ಹೋಗಬಾರದಲ್ಲ."

ನಾದಿನಿ ಕಿಸಕ್ಕನೆ ನಕ್ಕಳು. ಎಷ್ಟು ಹಗುರಾದ ನಗು! ಅದನ್ನು ಕೇಳಿ ರಬ್ಬರಕ್ಕನಿಗೆ ಮತ್ತೆ ಉರಿಯಿತು.