ಹಾಡದೆ ಬಿಟ್ಟ ಕೊನೆಯ ನುಡಿ

ಕುಸುಮಕ್ಕನ ಹೆಸರನ್ನು ಅವಳದೇ ಹಾಡಿನಿಂದ ತೆಗೆದವಳು ನಾನು. ಕ್ಯಾಸೆಟ್ ಕಂಪನಿಯವರಲ್ಲ, ಹೊದಿಕೆ ಅಚ್ಚು ಹಾಕಿದವರಲ್ಲ — ನಾನು, ಅವಳ ಓರಗಿತ್ತಿ, ಅವಳ ಕೈಯ ಗಂಜಿ ಉಂಡು ಎರಡು ಬಾಣಂತನ ಮುಗಿಸಿಕೊಂಡವಳು. ಇದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಬಸದಿಯಲ್ಲಿ ಕಣ್ಣು ಮುಚ್ಚಿ ಕುಳಿತಾಗ ಸ್ವಾಮಿಗೆ ಹೇಳಿದ್ದೇನೆ ಅಂದುಕೊಂಡಿದ್ದೆ. ಅಲ್ಲಿಯೂ ಪೂರ್ತಿ ಹೇಳಿರಲಿಲ್ಲ.

ನಮ್ಮದು ಗಡಿಯಾಚೆ, ಮಲಯಾಳಂ ಸೀಮೆಯ ಮೀನಂಗಡಿಯಿಂದ ಒಳಗೆ, ಕಾಫಿ, ಮೆಣಸಿನ ನಡುವೆ ಇರುವ ಜೈನ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಬಿಸಿಲು ಇರುವಾಗಲೇ ಉಂಡು, ಪಾತ್ರೆ ತೊಳೆದು, ಒಲೆ ಆರಿಸಿಬಿಡುತ್ತೇವೆ. ಒಲೆ ಆರಿಸುವ ಆ ಹೊತ್ತಿಗೆಂದು ಕುಸುಮಕ್ಕ ಒಂದು ಹಾಡು ಕಟ್ಟಿದ್ದಳು.

ಹೊತ್ತು ಮುಳುಗುವ ಮುನ್ನ ಒಲೆಯಾರಿಸಿದೆ ಸ್ವಾಮಿ,
ನಿನ್ನ ನಾಮದ ಕೆಂಡ ಎದೆಯಲಿಟ್ಟೆ.

ಹೀಗೆ ಶುರುವಾಗುತ್ತದೆ. ಕೆಂಡದ ಮೇಲೆ ನೀರು ಚಿಮುಕಿಸುತ್ತಾ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ಹಾಡುತ್ತಿದ್ದರೆ ತೋಟದಿಂದ ಬಂದ ಭಾವನವರು ಕಾಲು ತೊಳೆಯುವುದನ್ನೂ ಮರೆತು ನಿಲ್ಲುತ್ತಿದ್ದರು. ಹಾಡು ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಹೆಸರು ಇಡುವುದು ನಮ್ಮ ಹೆಂಗಸರಲ್ಲಿ ಹಿಂದಿನಿಂದ ಬಂದ ಪದ್ಧತಿ. ಈ ಹಾಡಿನ ಕೊನೆಯ ನುಡಿಯಲ್ಲೂ ಕುಸುಮ ಎಂಬ ಹೆಸರು ಇತ್ತು. ಆ ಮನೆಯಲ್ಲಿ ಅವಳದು ಎನ್ನುವಂಥದ್ದು ಬೇರೆ ಏನಿತ್ತು — ಯೋಚಿಸಿದರೆ, ಅದೊಂದೇ.

ನಾನು ಗುಂಡ್ಲುಪೇಟೆ ಕಡೆಯಿಂದ ಬಂದ ಸೊಸೆ. ಕನ್ನಡ ಓದಿ ಬರೆಯಲು ಬರುತ್ತಿದ್ದುದು ಆ ಮನೆಯಲ್ಲಿ ನನಗೊಬ್ಬಳಿಗೆ. ಇಲ್ಲೇ ಹುಟ್ಟಿದ ಕುಸುಮಕ್ಕ ಕಲಿತದ್ದು ಮಲಯಾಳಂ ಶಾಲೆಯಲ್ಲಿ. ಅವಳ ಕನ್ನಡವೆಲ್ಲ ಬಾಯಲ್ಲೇ. ನಾನು ಹಾಡಿದರೆ ಅತ್ತೆಯವರು ನಗುತ್ತಿದ್ದರು. “ನಿಂದು ಘಾಟಿ ಹತ್ತೋ ಬಸ್ಸು ಕಣೇ ಸುನಂದಾ, ತಿರುವು ಬಂದಾಗೆಲ್ಲ ನಿಂತು ಉಸಿರು ಬಿಡ್ತದೆ. ನಮ್ಮ ಕುಸುಮನ್ನ ನೋಡು.” ತಮಾಷೆಯ ಮಾತೇ. ನಾನೂ ನಗುತ್ತಿದ್ದೆ. ಆದರೆ ‘ನಮ್ಮ ಕುಸುಮ’ ಎನ್ನುವುದು — ಅದು ಒಳಗೆ ಉಳಿದುಬಿಡುತ್ತಿತ್ತು.

ಮೈಸೂರಿನ ಒಂದು ಸಣ್ಣ ಕ್ಯಾಸೆಟ್ ಕಂಪನಿಯವರು ಗಡಿಯಾಚೆಯ ಜೈನ ಹೆಂಗಸರ ಹಾಡುಗಳನ್ನು ಟೇಪಿನಲ್ಲಿ ಹಿಡಿಯಬೇಕೆಂದು ನಮ್ಮ ಕಡೆಗೆ ಬಂದದ್ದು ಆ ದಿನಗಳಲ್ಲಿ. ಕುಸುಮಕ್ಕನ ಹಾಡಿನ ಸುದ್ದಿ ಕೇಳಿಯೇ ನಮ್ಮ ಮನೆಗೆ ಬಂದರು. ಅವರಿಗಿದ್ದದ್ದು ಒಂದೇ ದಿನ. ಆ ದಿನ ಕುಸುಮಕ್ಕ ಹೊರಗಾಗಿದ್ದಳು. ಮುಟ್ಟಾದ ದಿನಗಳಲ್ಲಿ ನಡುಮನೆಗೆ ಬರುವಂತಿಲ್ಲ, ಸ್ವಾಮಿಯ ನಾಮ ಬಾಯಲ್ಲಿ ತರುವಂತಿಲ್ಲ. ಹಿತ್ತಲ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕುಳಿತಿದ್ದಳು. ನನ್ನನ್ನು ಕರೆದು, “ನೀನು ಹಾಡು. ಎಲ್ಲ ನುಡಿಯೂ ಬರ್ತದಲ್ಲ ನಿಂಗೆ? ತಿರುವಿನಲ್ಲಿ ಬಸ್ಸು ನಿಲ್ಲಿಸ್ಬೇಡ ಮತ್ತೆ” ಅಂದಳು. ನಕ್ಕಳು. ಕಣ್ಣು ನಗಲಿಲ್ಲ.

ಹಾಡಿದೆ. ಅಂದು ನನ್ನ ಕಂಠ ಎಂದೂ ಇಲ್ಲದಷ್ಟು ಚೆನ್ನಾಗಿತ್ತು — ಅದನ್ನು ದೇವರ ಕೃಪೆ ಎಂದು ಬಹಳ ಕಾಲ ಲೆಕ್ಕಕ್ಕೆ ಹಿಡಿದಿದ್ದೆ. ಕೊನೆಯ ನುಡಿ ಬಂತು. ಅವಳ ಹೆಸರಿರುವ ನುಡಿ. ನಾನು ನಿಲ್ಲಿಸಿಬಿಟ್ಟೆ.

ಟೇಪು ನೋಡಿಕೊಳ್ಳುತ್ತಿದ್ದವರು ಕೇಳಿದರು. “ಇನ್ನೂ ಇದೆಯೇನಮ್ಮಾ? ಇದ್ರೆ ಹಾಡಿ, ಟೇಪು ಬೇಕಾದಷ್ಟಿದೆ.”

“ಇಲ್ಲ, ಇಷ್ಟೇ” ಅಂದೆ.

ಹಿತ್ತಲಿಗೆ ಹೋದಾಗ ಕುಸುಮಕ್ಕ ಕೇಳಿದಳು. “ಮುಗೀತಾ? ಇನ್ನೊಂದು ನುಡಿ ಉಂಟಲ್ಲ.”

“ಕ್ಯಾಸೆಟ್‌ನಲ್ಲಿ ಜಾಗ ಇಲ್ಲ ಅಂದ್ರು ಅಕ್ಕಾ.”

ಅವಳು ನನ್ನ ಮುಖ ನೋಡಿದಳು. ಆಮೇಲೆ, “ಸಾರಮಿಲ್ಲ” ಅಂದಳು. ಪರವಾಗಿಲ್ಲ ಎನ್ನಲು ಇಲ್ಲಿ ನಾವೆಲ್ಲ ಹೇಳುವ ಮಾತು. ಅಷ್ಟೇ. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ಮೊದಲ ಕ್ಯಾಸೆಟ್ಟಿನ ಮೇಲೆ ‘ಹಾಡಿದವರು: ಸುನಂದಾ’ ಎಂದಷ್ಟೇ ಇತ್ತು. ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲವು ವರ್ಷಗಳ ಮೇಲೆ ಆ ಸಣ್ಣ ಕಂಪನಿಯನ್ನು ಬೆಂಗಳೂರಿನ ಒಂದು ಕಂಪನಿ ಕೊಂಡುಕೊಂಡಿತು. ನಮ್ಮ ಹಾಡು ಸಿ.ಡಿ.ಯಾಗಿ ಬಂತು. ಅದರ ಮೇಲೆ ‘ಸಾಹಿತ್ಯ: ಸಾಂಪ್ರದಾಯಿಕ’ ಎಂದು ಹಾಕಿದ್ದರು. ಹೆಸರಿಲ್ಲದ ಹಾಡಿಗೆ ಮತ್ತೇನು ಹಾಕುತ್ತಾರೆ? ಒಂದು ಕಾರ್ಡು ಬರೆದು ಹಾಕಿದ್ದರೆ ಸರಿಹೋಗುತ್ತಿತ್ತು. ಬರೆಯಲು ಬರುತ್ತಿದ್ದವಳು ನಾನೊಬ್ಬಳೇ, ಬರೆಯಲಿಲ್ಲ. ಆಮೇಲೆ ಆ ಬೆಂಗಳೂರಿನ ಕಂಪನಿಯನ್ನು ಮುಂಬೈಯ ದೊಡ್ಡ ಸಂಸ್ಥೆಯೊಂದು ನುಂಗಿತು. ಅದರ ಕೈಕೆಳಗೆ ಇಂಥವು ಎಷ್ಟೋ ಇವೆಯಂತೆ. ನಮ್ಮವರು, “ಸಣ್ಣ ಸಣ್ಣ ತೋಟವೆಲ್ಲ ದೊಡ್ಡ ಎಸ್ಟೇಟಿಗೆ ಸೇರಿದ ಹಾಗೆ. ಆಮೇಲೆ ಹಳೇ ಬೇಲಿ ಎಲ್ಲಿತ್ತು ಅಂತ ಯಾರಿಗೂ ಗೊತ್ತಿರಲ್ಲ” ಅಂದರು. ಅವರು ಹೇಳಿದ್ದು ಕಂಪನಿಗಳ ಮಾತು. ಹಳೇ ಬೇಲಿ ಎಲ್ಲಿತ್ತು ಎಂದು ನನಗೆ ಗೊತ್ತಿತ್ತು. ಸೊಸೆ ದೀಪ್ತಿ ತನ್ನ ಫೋನಿನಲ್ಲಿ ಆ ಹಾಡು ತೋರಿಸಿದಾಗ ಕೆಳಗೆ ಬರೆದಿತ್ತು — ‘ರಚನೆ, ಗಾಯನ: ಸುನಂದಾ’.

ಕಂಪನಿ ಕೈ ಬದಲಾದಾಗಲೆಲ್ಲ ನನ್ನ ಸುಳ್ಳು ಒಂದು ಮೆಟ್ಟಿಲು ಏರಿತು. ನಾನು ಮಾಡಬೇಕಾದದ್ದು ಸುಮ್ಮನಿರುವುದಷ್ಟೇ ಆಗಿತ್ತು.

ಈಚೆಗೆ ಆ ದೊಡ್ಡ ಸಂಸ್ಥೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಹಳೆಯ ಹಾಡುಗಳು ಯಾರವು ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಾರಂತೆ. “ಇದು ನೀವೇ ಬರೆದದ್ದಲ್ವಾ ಅಮ್ಮಾ? ಹೌದು ಅಂದ್ರೆ ಸಾಕು.” ಕುಸುಮಕ್ಕ ಜಗಲಿಯಲ್ಲಿ ಕುಳಿತು ಮೆಣಸು ಬಿಡಿಸುತ್ತಿದ್ದಳು. ನಾನು ಒಳಗೆ ಹೋಗಿ, ದನಿ ತಗ್ಗಿಸಿ, ಹೌದು ಅಂದೆ. ಇದಕ್ಕೆ ಹರೆಯದ ಹೊಟ್ಟೆಕಿಚ್ಚು ಎಂದು ಹೇಳಿ ಜಾರಿಕೊಳ್ಳುವಂತೆಯೂ ಇಲ್ಲ. ತಲೆ ನೆರೆತ ಮೇಲೆ, ದಿನವೂ ಬಸದಿಗೆ ಹೋಗುವ ಇದೇ ಕಾಲುಗಳ ಮೇಲೆ ನಿಂತು ಹೇಳಿದೆ.

ಅದಾದ ಕೆಲವು ದಿನಗಳಿಗೆ ಬಸದಿಯಲ್ಲಿ ನೋಂಪಿ ವ್ರತದ ಪೂಜೆ ಇತ್ತು. ಪೂಜೆ ಮುಗಿದ ಮೇಲೆ ಈಗಿನ ಹೆಣ್ಣುಮಕ್ಕಳು ಆ ಹಾಡು ಹೇಳಿದರು. ಫೋನಿನಿಂದ ಕಲಿತವರು. ನಾನು ಉಸಿರು ತೆಗೆದುಕೊಂಡ ಕಡೆಯಲ್ಲೇ ಅವರೂ ಉಸಿರು ತೆಗೆದುಕೊಳ್ಳುತ್ತಿದ್ದರು. ನಾನು ನಿಲ್ಲಿಸಿದಲ್ಲೇ ನಿಲ್ಲಿಸಿ ಕೈಮುಗಿದರು. ಅವರ ನಡುವೆ ಕುಳಿತು ಕುಸುಮಕ್ಕನೂ ಹಾಡುತ್ತಿದ್ದಳು. ಅವಳೂ ಅಲ್ಲೇ ನಿಲ್ಲಿಸಿದಳು — ತಡವರಿಸದೆ, ಹಾಡು ಇರುವುದೇ ಅಷ್ಟು ಎನ್ನುವ ಹಾಗೆ.

ಮನೆಗೆ ಬಂದು ಆ ಕೊನೆಯ ನುಡಿಯನ್ನು ಹೇಳಿಕೊಳ್ಳಲು ನೋಡಿದೆ. ಬರಲಿಲ್ಲ. ಎಣ್ಣೆ ಎನ್ನುವ ಮಾತೊಂದು ಇತ್ತು, ಅವಳ ಹೆಸರಿತ್ತು, ನಡುವೆ — ಏನಿತ್ತು?

ಮರುದಿನ ಅವಳ ಮುಂದೆ ಕುಳಿತೆ. “ಅಕ್ಕಾ, ಆವತ್ತು ಟೇಪಿನಲ್ಲಿ ಜಾಗ ಇತ್ತು.”

ಅವಳು ಮೆಣಸಿನಿಂದ ಕೈ ತೆಗೆಯಲಿಲ್ಲ. “ಗೊತ್ತು ಕಣೇ. ಹಿತ್ತಲ ಕಡೆ ಕಿಟಕಿ ತೆರೆದಿತ್ತಲ್ಲ.”

ಇಷ್ಟು ವರ್ಷ. ಒಂದೇ ಒಲೆಯ ಮುಂದೆ.

“ಯಾಕಕ್ಕಾ ಕೇಳ್ಲಿಲ್ಲ?”

“ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು. ಪಾಪ.”

ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಅದೂ ಸರಿಯೇ. ಮುಖ ಒರೆಸಿಕೊಂಡು, “ಆ ನುಡಿ ಹೇಳು ಅಕ್ಕಾ, ಈಗಲಾದ್ರೂ ಬರೆದುಕೊಳ್ತೇನೆ” ಅಂದೆ.

ಕುಸುಮಕ್ಕ ಬಾಯಲ್ಲೇ ಗುನುಗಿದಳು. ಮೊದಲಿನಿಂದ ಹಿಡಿದು ಬಂದಳು. ನಾನು ನಿಲ್ಲಿಸಿದ ಜಾಗಕ್ಕೆ ಬಂದು ನಿಂತಳು. ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ಅಲ್ಲೇ ನಿಂತಳು. “ಬರೋದಿಲ್ಲ ಕಣೇ. ಎಲ್ಲರೂ ಅಲ್ಲಿಗೇ ಬಿಡ್ತಾ ಇದ್ರಲ್ಲ, ನಾನೊಬ್ಬಳೇ ಮುಂದಕ್ಕೆ ಹಾಡೋದು ಚೆಂದ ಅಲ್ಲ ಅಂತ ನಾನೂ ಬಿಟ್ಟೆ. ಹೋಯ್ತು ಅದು.”

ನಿಜವಾಗಿ ಮರೆತಳೋ, ನನಗೆ ಕೊಡಲು ಮನಸ್ಸಾಗಲಿಲ್ಲವೋ — ಕೇಳುವ ಹಕ್ಕು ನನಗಿಲ್ಲ.

ಆ ಹುಡುಗಿಗೆ ನಾನೇ ಫೋನ್ ಮಾಡಿ, ನಾನು ಸುಳ್ಳು ಹೇಳಿದೆ, ಬರೆದವಳು ಕುಸುಮ ಎಂದು ಹೇಳಿದೆ. ಈಗ ಫೋನಿನಲ್ಲಿ ಅವಳ ಹೆಸರು ಬಂದಿದೆ. ದೀಪ್ತಿ ತೋರಿಸಿದಾಗ ಕುಸುಮಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಕನ್ನಡದಲ್ಲಿತ್ತು. ಓದಲು ಬರಲಿಲ್ಲ. ನಾನು ಓದಿ ಹೇಳಿದೆ.

ದಿನಕ್ಕೊಂದಿಷ್ಟು ಸಣ್ಣ ಕೃಪೆಗಳನ್ನು ನೆನೆದು ಮಲಗುವವಳು ನಾನು. ಆನೆ ನಮ್ಮ ಬಾಳೆತೋಟದ ಅಂಚಿನಿಂದಲೇ ತಿರುಗಿ ಹೋದದ್ದು, ಮಂಡಿ ಮಡಿಸಿ ಕೂರಲು ಇನ್ನೂ ಆಗುವುದು, ಕುಸುಮಕ್ಕ ಈಗಲೂ ನನ್ನ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುವುದು. ಆ ದಿನದ ನನ್ನ ಕಂಠವನ್ನು ಮಾತ್ರ ಆ ಲೆಕ್ಕದಿಂದ ತೆಗೆದಿದ್ದೇನೆ.

ಸಂಜೆ ಒಲೆ ಆರಿಸುವಾಗ ಈಗಲೂ ಆ ಹಾಡು ಹೇಳುತ್ತೇನೆ. ನಿಲ್ಲಿಸಿದ ಜಾಗಕ್ಕೆ ಬಂದ ಮೇಲೆ ತಕ್ಷಣ ಏಳುವುದಿಲ್ಲ. ಇನ್ನೊಂದು ನುಡಿ ಹಾಡಲು ಬೇಕಾಗುವಷ್ಟು ಹೊತ್ತು, ಬೂದಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.